ಕರೆಂಟಿಲ್ಲದ ದಿನ ಹೊಡೆದ ಶಾಕು

ನಾನು ಓದು ನಿಲ್ಲಿಸಿದ್ದು 1998ರಲ್ಲಿ, ಏಳನೇ ಕ್ಲಾಸು ಅರ್ಧಕ್ಕೆ. ಮನೆಯಲ್ಲಿ ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ ನಮ್ಮೂರು. ಸುಟ್ಟುಹೋದ ಪಂಪಿನ ಮೋಟಾರನ್ನು ರಿಪೇರಿಗೆ ಹಾಕಲು ಅಪ್ಪ ಕುಣಿಗಲ್‌ಗೆ ಹೊರಟಾಗ ಜೊತೆಗೆ ಹೋಗಿದ್ದೆ. ಅಲ್ಲಿ ನಮ್ಮ ಸೋದರಮಾವನ ವೈಂಡಿಂಗ್ ಅಂಗಡಿ. ಮಾವ ಕಪ್ಪಾಗಿದ್ದ ತಂತಿಯನ್ನೆಲ್ಲ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹೊಯ್ದು ಒಣಗಿಸಿ, ಮೂರನೇ ದಿನ ಸ್ವಿಚ್ ಒತ್ತಿದರು. ಸತ್ತು ಬಿದ್ದಿದ್ದ ಮೋಟಾರು ಗುಂಯ್ ಎಂದು ತಿರುಗಿತು. ಮಾರನೇ ವಾರ ಸ್ಕೂಲಿನ ಚೀಲ ಗೂಟಕ್ಕೆ ನೇತುಹಾಕಿ ಕುಣಿಗಲ್ ಬಸ್ಸು ಹತ್ತಿದವನು ಮತ್ತೆ ಆ ಚೀಲ ಮುಟ್ಟಲಿಲ್ಲ.

ಹತ್ತು ವರ್ಷ ಮಾವನ ಹತ್ತಿರ ಕಲಿತು, ಆಮೇಲೆ ಗುಬ್ಬಿಯಲ್ಲಿ ನನ್ನದೇ ಶೆಡ್ಡು ಹಾಕಿದೆ. ನನ್ನ ಕೆಲಸ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಮೋಟಾರಿನ ಒಳಗೆ ತಂತಿಯ ಸುರುಳಿಗಳಿರುತ್ತವೆ, ಅದಕ್ಕೆ ಕಾಯಿಲ್ ಎನ್ನುತ್ತೇವೆ. ಒಂದೊಂದು ಕಾಯಿಲಿಗೆ ಇಂತಿಷ್ಟೇ ಸುತ್ತು ಎಂದು ಲೆಕ್ಕ ಇರುತ್ತದೆ. ಸುತ್ತು ಕಮ್ಮಿಯಾದರೆ ಮೋಟಾರು ಕಾದು ಸುಡುತ್ತದೆ, ಹೆಚ್ಚಾದರೆ ನೀರು ಎತ್ತುವುದಿಲ್ಲ. ಅದಕ್ಕೇ ಸುಟ್ಟ ತಂತಿಯನ್ನು ಕಿತ್ತು ಬಿಸಾಕುವ ಮೊದಲು ಎಷ್ಟು ಸುತ್ತಿತ್ತು ಎಂದು ಎಣಿಸಿಕೊಳ್ಳಬೇಕು. ಎಲ್ಲ ಅಂಗಡಿಯವರೂ ಅದನ್ನು ಪುಸ್ತಕದಲ್ಲೋ ಗೋಡೆಯ ಮೇಲೋ ಬರೆದಿಡುತ್ತಾರೆ. ನಾನು ಒಂದು ದಿನವೂ ಬರೆದವನಲ್ಲ. ಮೂರು ವರ್ಷದ ಹಿಂದೆ ಸುತ್ತಿಕೊಟ್ಟ ಮೋಟಾರು ಮತ್ತೆ ಬಂದರೂ ಬಿಚ್ಚುವ ಮೊದಲೇ "ಇದು ಐವತ್ತೆರಡು ಸುತ್ತಿಂದು" ಎನ್ನುತ್ತಿದ್ದೆ. ಬಿಚ್ಚಿ ನೋಡಿದರೆ ಐವತ್ತೆರಡೇ. ರೈತರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಆ ನೋಟಕ್ಕಾಗಿಯೇ ನಾನು ಬರೆಯುತ್ತಿರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಇನ್ನೊಂದು ಕಾರಣವೂ ಇತ್ತು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿತ್ತು, ಅದನ್ನು ಯಾರೂ ನೋಡುವುದು ಬೇಡವಾಗಿತ್ತು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ನನಗೆ ಬಂದ ಕಾಯಿಲೆ ಸೀದಾ ಬಂದು ಕೈಯಿಟ್ಟದ್ದು ಅಲ್ಲಿಗೇ.

ಆಗ ನನಗೆ ಮೂವತ್ತೇಳು. ನಾಲ್ಕು ದಿನ ಸಣ್ಣ ಜ್ವರ, ತಲೆನೋವು. ಮಾತ್ರೆ ನುಂಗಿ ಕೆಲಸ ಮಾಡಿದೆ. ಜ್ವರ ಬಿಟ್ಟಿತು, ನಿದ್ದೆಯೂ ಬಿಟ್ಟಿತು. ಒಂದು ಮಂಗಳವಾರ ಹಾಗಲವಾಡಿಯ ರಂಗಸ್ವಾಮಿ ಎಂಬ ರೈತರು ಐದು ಎಚ್‌ಪಿ ಮೋಟಾರು ಇಳಿಸಿ ಹೋದರು. ಬಿಚ್ಚಿದೆ, ಎಣಿಸಿದೆ, ತಂತಿ ಕತ್ತರಿಸಿ ಕಿತ್ತು ಗುಜರಿ ಮೂಟೆಗೆ ತುಂಬಿದೆ. ಹೊಸ ತಂತಿಯ ರೀಲು ತಗೊಂಡು ಕೂತೆ. ಎಷ್ಟು ಸುತ್ತು?

ಇರಲಿಲ್ಲ. ಮರೆತ ಹಾಗೂ ಅನಿಸಲಿಲ್ಲ. ಮರೆತದ್ದಾದರೆ ನಾಲಿಗೆ ತುದಿಯಲ್ಲಿ ಏನಾದರೂ ಇರುತ್ತದೆ, ನಲವತ್ತರ ಮೇಲೋ ಕೆಳಗೋ ಎಂದಾದರೂ ಗೊತ್ತಿರುತ್ತದೆ. ಇಲ್ಲಿ ಏನೂ ಇರಲಿಲ್ಲ. ಎಣಿಸಿದ್ದೇ ನಡೆದಿಲ್ಲವೇನೋ ಎನ್ನುವ ಹಾಗೆ. ಎದುರಿಗೆ ಕಾಯಿಲ್ ಕೂರುವ ಸ್ಟೇಟರ್ ಖಾಲಿ, ಹಲ್ಲು ಕಿತ್ತ ಬಾಯಿಯಂತೆ. ಕುಣಿಗಲ್‌ನ ಮಾವನಿಗೆ ಒಂದು ಫೋನು ಮಾಡಿದ್ದರೆ ಆ ಕಂಪನಿಯ ಮೋಟಾರಿಗೆ ಎಷ್ಟು ಸುತ್ತು ಎಂದು ಹೇಳುತ್ತಿದ್ದರು. ಮಾಡಲಿಲ್ಲ. ಬೆವೆತುಕೊಂಡು ಕೂತಿದ್ದೆ.

ಮಧ್ಯಾಹ್ನ ನನ್ನ ಹೆಂಡತಿ ಮಂಜುಳ ಊಟದ ಕ್ಯಾರಿಯರ್ ತಂದಳು.

"ಏನ್ರೀ ಹಿಂಗೆ ಕೂತಿದೀರ? ಮುಖ ನೋಡಿ, ಸುಣ್ಣ ಬಳ್ದಂಗೆ ಆಗೈತೆ."

ವೈಂಡಿಂಗ್‌ನವನಿಗೆ ಶಾಕ್ ಹೊಡೆಯುವುದರಲ್ಲಿ ಅವಮಾನವಿಲ್ಲ. ಎಣಿಕೆ ಮರೆಯುವುದರಲ್ಲಿ ಇದೆ. ನಾನು ಹೇಳಿದೆ: "ಟೆಸ್ಟ್ ಲ್ಯಾಂಪ್ ಹಿಡಿಯೋವಾಗ ಶಾಕ್ ಹೊಡೀತು ಕಣೇ. ಜೋರಾಗೇ ಹೊಡೀತು."

ಇದು ನನಗೆ ನೆನಪಿರುವ ಕೊನೆಯ ಮಾತು. ಇದರ ಮುಂದಿನ ಮೂವತ್ತಾರು ದಿನ ನನ್ನಲ್ಲಿಲ್ಲ, ಅದರಾಚೆಯದೂ ಕೆಲವು ಕಾಲ ತುಂಡು ತುಂಡು. ಆ ದಿನಗಳದ್ದು ಇಲ್ಲಿ ಏನು ಬರೆದಿದ್ದೇನೋ ಅದೆಲ್ಲ ಮಂಜುಳ, ಬೆಳ್ಳಾವಿಗೆ ಮದುವೆಯಾಗಿ ಹೋದ ನನ್ನ ಅಕ್ಕ ಜಯಕ್ಕ, ಆಮೇಲೆ ಡಾಕ್ಟರ್ ಮೇಡಂ ಹೇಳಿದ್ದು. ನನ್ನ ಕಥೆಯನ್ನೇ ಬೇರೆಯವರ ಬಾಯಲ್ಲಿ ಕೇಳಿ ಬರೆಯುತ್ತಿದ್ದೇನೆ.

ಮಂಜುಳ ನನ್ನ ಮಾತು ನಂಬಿದಳು. ನಂಬದಿರಲು ಏನಿತ್ತು? ಸಂಜೆಯ ಹೊತ್ತಿಗೆ ನಾನು ಹೇಳಿದ್ದನ್ನೇ ಹೇಳತೊಡಗಿದೆನಂತೆ. "ರೀಲು ಎಲ್ಲಿ, ರೀಲು ಎಲ್ಲಿ." ಮರುದಿನ ನನ್ನ ಮಗಳು ಸಿಂಚನಾಳನ್ನು ನೋಡಿ, ನನ್ನ ಉಪಕರಣ ಕದ್ದಿದ್ದೀಯ ಎಂದು ಗದರಿದೆನಂತೆ. ಎಂಟನೇ ಕ್ಲಾಸಿನ ಹುಡುಗಿ ಅಳುತ್ತಾ ಪಕ್ಕದ ಮನೆಗೆ ಹೋಗಿ ಕೂತಳಂತೆ. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಮಂಜುಳ "ಶಾಕ್ ಹೊಡ್ದೈತೆ ಸರ್" ಎಂದಳು. ಅವರು ಶಾಕ್ ಹೊಡೆದವರಿಗೆ ಏನು ನೋಡಬೇಕೋ ಅದನ್ನು ನೋಡಿದರು. ಇಸಿಜಿ ತೆಗೆದರು, ರಕ್ತ ನೋಡಿದರು, ಎರಡು ದಿನ ಇಟ್ಟುಕೊಂಡು, ಹೆದರಿದ್ದಾರೆ, ನಿದ್ದೆ ಮಾಡಿದರೆ ಸರಿಹೋಗುತ್ತೆ ಎಂದು ಕಳಿಸಿದರು. ಅವರದ್ದೇನೂ ತಪ್ಪಿಲ್ಲ. ನಾನು ಕೊಟ್ಟ ವಿಳಾಸಕ್ಕೇ ಅವರು ಹೋದರು.

ಆರನೇ ದಿನ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದೆ. ತುಮಕೂರಿನ ದೊಡ್ಡ ಆಸ್ಪತ್ರೆಯ ಐಸಿಯುಗೆ ಸೇರಿಸಿದರು. ಅಲ್ಲಿಗೆ ಹೋದ ಮೇಲೆ ಮಾತು ನಿಂತಿತು. ಬಾಯಿ ಮಾತ್ರ ಏನೋ ಜಗಿಯುವ ಹಾಗೆ ಆಡುತ್ತಲೇ ಇತ್ತಂತೆ. ಕಣ್ಣು ತೆರೆದಿತ್ತು, ಆದರೆ ನೋಡುತ್ತಿರಲಿಲ್ಲ. ಜಯಕ್ಕ ಓಡಿ ಬಂದಳು. ಹಾಸಿಗೆಯ ಪಕ್ಕ ನಿಂತು, "ಲೋ ಲೋಕೇಸಾ, ಯಾರ್ ಮೇಲ್ಲಾ ಕ್ವಾಪ? ಮಾತಾಡ್ಲಾ" ಎಂದು ಕೆನ್ನೆ ತಟ್ಟಿದಳಂತೆ. ನಾನು ಅವಳ ಸೆರಗನ್ನು ಹಿಡಿದು, ಬೆರಳಿಗೆ ಸುತ್ತಿ ಬಿಡುವುದು, ಸುತ್ತಿ ಬಿಡುವುದು ಮಾಡುತ್ತಿದ್ದೆನಂತೆ.

"ಇವನ ಕೈ ಇನ್ನೂ ಅಂಗ್ಡೀಲೇ ಐತೆ ಕಣೇ ಮಂಜಿ," ಎಂದಳಂತೆ ಜಯಕ್ಕ.

ಐಸಿಯು ಹೊರಗಿನ ಹಾಲ್‌ನಲ್ಲಿ ಕಾಯುವವರ ಬದುಕೇ ಬೇರೆ. ಅದನ್ನು ಮಂಜುಳ ಈಗಲೂ ಹೇಳುತ್ತಿರುತ್ತಾಳೆ. ಮೂವತ್ತು ಕಬ್ಬಿಣದ ಕುರ್ಚಿ, ಗೋಡೆಯಲ್ಲಿ ಒಂದೇ ಚಾರ್ಜಿಂಗ್ ಪಾಯಿಂಟು. ಅದೂ ಸಡಿಲ, ಚಾರ್ಜರ್ ನಿಲ್ಲುತ್ತಿರಲಿಲ್ಲ. ಎಲ್ಲರೂ ಸರದಿಯಲ್ಲಿ ಅದನ್ನು ಕೈಯಲ್ಲಿ ಒತ್ತಿ ಹಿಡಿದು ನಿಲ್ಲುತ್ತಿದ್ದರು. ಮಂಜುಳ ಮೂರನೇ ದಿನ ನೋಡಿ ನೋಡಿ ಸಾಕಾಗಿ, ಸೆಕ್ಯೂರಿಟಿಯವರಿಂದ ಸ್ಕ್ರೂಡ್ರೈವರ್ ಇಸ್ಕೊಂಡು, ಮೇಲಿನ ಮೆಯಿನ್ ಆಫ್ ಮಾಡಿಸಿ, ಒಳಗಿನ ಹಿತ್ತಾಳೆ ಪಟ್ಟಿಗಳನ್ನು ಬಿಗಿ ಮಾಡಿ ಕೂರಿಸಿದಳು. ಆವತ್ತಿನಿಂದ ಅವಳು ಅಲ್ಲಿ ಎಲ್ಲರಿಗೂ "ಕರೆಂಟ್ ಅಕ್ಕ". ಶಿರಾ ಕಡೆಯ ಒಬ್ಬ ಮುದುಕಿ ದಿನಾ ತನ್ನ ಬುತ್ತಿಯ ಚಿತ್ರಾನ್ನದಲ್ಲಿ ಅರ್ಧ ಕೊಡುತ್ತಿದ್ದರು. "ತಿನ್ನು ತಾಯಿ, ನೀನ್ ಬಿದ್ರೆ ಅವುನ್ನ ಯಾರ್ ನೋಡ್ತಾರೆ" ಎನ್ನುತ್ತಿದ್ದರು. ಆ ಮುದುಕಿಯ ಗಂಡ ಅದೇ ವಾರ ತೀರಿಕೊಂಡರು. ಹೋಗುವಾಗ ಮಂಜುಳಳಿಗೆ ಖಾಲಿ ಡಬ್ಬಿ ತೋರಿಸಿ, ನಾಳೆಗೆ ಏನಾದರೂ ಮಾಡ್ಕೊ ಎಂದು ಹೇಳಿ ಹೋದರಂತೆ. ಅವರ ಹೆಸರನ್ನು ಕೇಳಿಟ್ಟುಕೊಳ್ಳಲಿಲ್ಲ ಎಂದು ಮಂಜುಳ ಕೊರಗುತ್ತಾಳೆ.

ನರರೋಗದ ಡಾಕ್ಟರ್ ಒಬ್ಬರು ಹೆಣ್ಣುಮಗಳು, ಮೆಲ್ಲಗೆ ಮಾತಾಡುವವರು. ಅವರು ಮಂಜುಳಳನ್ನು ಕೂರಿಸಿಕೊಂಡು ಕೇಳಿದರಂತೆ.

"ಯಾವ ಕೈಗೆ ಶಾಕ್ ಹೊಡೀತು?"

"ಗೊತ್ತಿಲ್ಲ ಮೇಡಂ."

"ಸುಟ್ಟ ಗುರುತು ಇಲ್ಲ. ಜ್ವರ ಅದಕ್ಕಿಂತ ಮೊದಲೇ ಬಂದಿತ್ತು ಅಂತೀರ. ಶಾಕ್ ಹೊಡೆದಿದ್ದನ್ನ ಯಾರಾದ್ರೂ ನೋಡಿದ್ರಾ?"

"ಇಲ್ಲ. ಅವರೇ ಹೇಳಿದ್ದು."

"ನನಗೆ ಇದು ಸರಿ ಹೊಂದ್ತಾ ಇಲ್ಲ. ಸ್ವಲ್ಪ ವಿಚಾರಿಸಿ."

ಮಂಜುಳ ಜಯಕ್ಕನನ್ನು ಅಲ್ಲಿ ಕೂರಿಸಿ ಗುಬ್ಬಿಗೆ ಬಸ್ಸು ಹತ್ತಿದಳು. ಶೆಡ್ಡಿನ ಬೀಗ ತೆಗೆದು ಎಲ್ಲ ನೋಡಿದಳು. ಕರೆಂಟ್ ಬಂದಿದೆಯೇ ಎಂದು ನೋಡುವ ಟೆಸ್ಟ್ ಲ್ಯಾಂಪ್ ಮೊಳೆಗೆ ನೇತಾಡುತ್ತಿತ್ತು, ವೈರು ಎಲ್ಲೂ ಹರಿದಿರಲಿಲ್ಲ. ಪಕ್ಕದಲ್ಲೇ ಶಾರದಮ್ಮ ಎಂಬುವರ ಹಿಟ್ಟಿನ ಗಿರಣಿ. ಮಂಜುಳಳನ್ನು ನೋಡಿ ಅವರು ಹೊರಗೆ ಬಂದರು.

"ಹೆಂಗವ್ನೆ ಲೋಕೇಸ?"

"ಹಂಗೇ ಅವ್ರೆ ಅಕ್ಕ. ಅವತ್ತು ಶಾಕ್ ಹೊಡ್ದಾಗ ನೀವೇನಾದ್ರೂ ಕೂಗಿದ್ದು ಗೀಗಿದ್ದು ಕೇಳಿಸ್ಕಂಡ್ರಾ?"

"ಯಾವತ್ತು?"

"ಮಂಗಳವಾರ. ಹಾಗಲವಾಡಿ ಮೋಟ್ರು ಬಂದಿತ್ತಲ್ಲ, ಅವತ್ತು."

ಶಾರದಮ್ಮ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಹಿಟ್ಟು ಒದರಿದರಂತೆ. "ಅವತ್ತೆಲ್ಲಿ ಕರೆಂಟಿತ್ತು ತಾಯಿ? ನಮ್ ರೋಡಿನ ಟ್ರಾನ್ಸ್‌ಫಾರ್ಮರ್ ಬದಲಾಯಿಸ್ತಿದ್ರಲ್ಲ. ಬೆಳಿಗ್ಗೆಯಿಂದ ದೀಪ ಹಚ್ಚೋ ಹೊತ್ತಿನಗಂಟ ಇಲ್ಲ. ನಾನು ದಿನಪೂರ್ತಿ ಬಾಗ್ಲಲ್ಲಿ ಕೂತು ರಾಗೀಲಿ ಕಲ್ಲು ಆಯ್ದೆ. ಬೇಕಾದ್ರೆ ಕಲ್ಲು ತೋರುಸ್ತೀನಿ."

ನಮ್ಮ ಮನೆ ಬೇರೆ ಬೀದಿ, ಬೇರೆ ಲೈನು. ಮಂಜುಳ ಕ್ಯಾರಿಯರ್ ತಂದಾಗ ನಡು ಮಧ್ಯಾಹ್ನದ ಬೆಳಕು. ಅವಳಿಗೆ ಗೊತ್ತಾಗುವ ಹಾಗೇ ಇರಲಿಲ್ಲ. ತುಮಕೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಬಂದಳಂತೆ, ಸೀಟು ಖಾಲಿ ಇದ್ದರೂ. "ಇಪ್ಪತ್ತು ಕಿಲೋಮೀಟರು ಒಂದೇ ಯೋಚನೆ," ಎನ್ನುತ್ತಾಳೆ. "ಇವರು ಸುಳ್ಳು ಹೇಳೋ ಮನುಷ್ಯನಲ್ಲ. ಹೇಳಿದ್ರೆ, ಸುಳ್ಳಿಗಿಂತ ದೊಡ್ಡದೇನೋ ಆಗಿತ್ತು."

ಡಾಕ್ಟರ್ ಮೇಡಂ ರೌಂಡ್ಸ್‌ನಲ್ಲಿದ್ದರು. ಮಂಜುಳ ಕಾರಿಡಾರಿನಲ್ಲೇ ತಡೆದು ಹೇಳಿದಳು, "ಮೇಡಂ, ಅವತ್ತು ಕರೆಂಟೇ ಇರ್ಲಿಲ್ಲ."

ಮೇಡಂ ಕೈಯಲ್ಲಿದ್ದ ಫೈಲು ತೆರೆದರಂತೆ. "ಹಾಗಾದ್ರೆ ಅವರಿಗೆ ಅಷ್ಟೊತ್ತಿಗಾಗಲೇ ಏನೋ ಶುರುವಾಗಿತ್ತು. ಬೆನ್ನಿನ ನೀರು ತೆಗೆದು ಕಳಿಸೋಣ. ಇವತ್ತೇ."

ಬೆನ್ನಿನ ನೀರು ಎಂದ ಕೂಡಲೇ ಜಯಕ್ಕ ಅಡ್ಡ ನಿಂತಳು. ನಮ್ಮ ಕಡೆ ಎಲ್ಲರಿಗೂ ಇರುವ ಭಯ ಅದು.

"ಬೆನ್ನ್ ನೀರ್ ತಗುದ್ರೆ ಸೊಂಟ ಬಿದ್ದೋಯ್ತದೆ ಕಣೇ. ನಾಳೆ ಹುಷಾರಾದ್ರೂ ಎದ್ದು ನಿಲ್ಲಾಕಾಗಲ್ಲ. ಬ್ಯಾಡ ಬುಡು."

"ಎದ್ದು ನಿಂತು ಏನ್ ಮಾಡ್ತಾರೆ ಅಕ್ಕ, ನಾನ್ ಯಾರು ಅಂತಾನೇ ಗೊತ್ತಿಲ್ದಿದ್ರೆ?" ಎಂದು ಮಂಜುಳ ಕಾಗದಕ್ಕೆ ಸಹಿ ಹಾಕಿದಳು. ಹತ್ತನೇ ಕ್ಲಾಸ್ ಪಾಸಾದವಳು, ಅವಳ ಸಹಿ ದುಂಡಗೆ ಚೆನ್ನಾಗಿದೆ. ಜಯಕ್ಕ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಆದರೆ ಎರಡು ದಿನವೂ ಅವಳಿಗೆ ಕಾಫಿ ತಂದುಕೊಟ್ಟಳು.

ನೀರು ಬೆಂಗಳೂರಿನ ಲ್ಯಾಬಿಗೆ ಹೋಯಿತು. ಕಾಯಬೇಕಾಯಿತು. ಕೊನೆಗೂ ಕಾಯಿಲೆಗೆ ಒಂದು ಹೆಸರು ಬಂತು. ಉದ್ದನೆಯ ಇಂಗ್ಲಿಷ್ ಹೆಸರು. ಮಂಜುಳ ಅದನ್ನು ಸಿಂಚನಾಳ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಸಿಕೊಂಡಳು: ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್. ಹೆಸರು ಸಿಕ್ಕ ದಿನ ಅವಳು ಹಾಲ್‌ನಲ್ಲಿ ಕೂತು ಅತ್ತಳಂತೆ. ಕೆಟ್ಟ ಸುದ್ದಿಯಾ ಎಂದು ಪಕ್ಕದವರು ಕೇಳಿದರೆ, "ಇಲ್ಲ, ಹೆಸರು ಸಿಕ್ತು" ಎಂದಳಂತೆ. ಇದು ಕಾಯುವವರಿಗೆ ಮಾತ್ರ ಅರ್ಥವಾಗುವ ಮಾತು.

ಆಮೇಲೆ ಸ್ಟೀರಾಯ್ಡ್ ಡ್ರಿಪ್ಪು. ಈ ಕಾಯಿಲೆ ಒಮ್ಮೊಮ್ಮೆ ಮೈಯಲ್ಲಿ ಎಲ್ಲೋ ಬಚ್ಚಿಟ್ಟುಕೊಂಡ ಗಡ್ಡೆಯಿಂದ ಬರುತ್ತದಂತೆ. ಗಂಡಸಿಗೆ ಗಡ್ಡೆ ಎಲ್ಲೆಲ್ಲಿ ಇರಬಹುದೋ ಅಲ್ಲೆಲ್ಲ ಸ್ಕ್ಯಾನ್ ಮಾಡಿದರು. ಎಲ್ಲೂ ಇರಲಿಲ್ಲ. ಆ ಹೊತ್ತಿಗೆ ನನಗೆ ಪ್ರಜ್ಞೆ ಇಲ್ಲದ್ದೇ ಒಳ್ಳೆಯದಾಯಿತು. ಮತ್ತೆ ಐದು ಸಲ, ದಿನ ಬಿಟ್ಟು ದಿನ, ನನ್ನ ರಕ್ತವನ್ನು ಒಂದು ಮಿಷಿನ್ನಿಗೆ ಹರಿಸಿ, ಅದರೊಳಗಿನ ಹಳದಿ ನೀರು ತೆಗೆದು, ಬೇರೆ ನೀರು ಸೇರಿಸಿ ಮೈಗೆ ವಾಪಸ್ ಬಿಟ್ಟರು. ಬಾಟಲಿಯಲ್ಲಿ ತುಂಬಿದ್ದ ಆ ಹಳದಿ ನೀರನ್ನು ಮಂಜುಳ ನೋಡಿದ್ದಾಳೆ. "ಹರಳೆಣ್ಣೆ ಹಂಗಿತ್ತು. ಇಷ್ಟು ತಿಳೀ ನೀರೊಳಗೆ ನಿಮ್ಮನ್ನ ತಿನ್ನೋ ಅಂಥದ್ದು ಏನಿದ್ದೀತು ಅಂತ ನೋಡ್ತಾನೇ ಇದ್ದೆ," ಎನ್ನುತ್ತಾಳೆ.

ನನ್ನ ಬಾಯಿಂದ ಮತ್ತೆ ಮಾತು ಬಂದದ್ದು ವಾರ್ಡಿಗೆ ತಂದ ಮೇಲೆ. ಬೆಳಿಗ್ಗೆ ಹನ್ನೊಂದು ಗಂಟೆ. ಮಂಜುಳ ಒದ್ದೆ ಬಟ್ಟೆಯಿಂದ ಕೈ ಒರೆಸುತ್ತಿದ್ದಳು. ನಾನು ಮೇಲೆ ನೋಡುತ್ತಾ, "ಕೆಪಾಸಿಟರ್ ವೀಕು" ಎಂದೆನಂತೆ. ಅವಳು ತಲೆಯೆತ್ತಿ ನೋಡಿದರೆ ಸೀಲಿಂಗ್ ಫ್ಯಾನು ಸುಸ್ತಾಗಿ ತಿರುಗುತ್ತಿತ್ತು. ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ನಗಲು ಶುರು ಮಾಡಿದವಳು ನಿಲ್ಲಿಸಲಾರದೆ ಹೋದಳು. ನರ್ಸ್ ಓಡಿಬಂದರು. ಒಂದು ತಿಂಗಳ ಮೇಲೆ ಗಂಡ ಆಡಿದ ಮೊದಲ ಮಾತು ಹೆಂಡತಿಯ ಹೆಸರಲ್ಲ, ಫ್ಯಾನಿನ ಕಾಯಿಲೆ.

ಹಳೆಯದೆಲ್ಲ ಇತ್ತು. ಮಾವ, ಅಂಗಡಿ, ಮದುವೆ, ಸಿಂಚನಾ ಹುಟ್ಟಿದ ದಿನ ಮಳೆಯಲ್ಲಿ ಆಟೋ ಕೆಟ್ಟದ್ದು, ಎಲ್ಲ. ಹೊಸದು ನಿಲ್ಲುತ್ತಿರಲಿಲ್ಲ. ಮಂಜುಳ ಹೇಳುವಳು: "ಇದು ತುಮಕೂರು. ಆಸ್ಪತ್ರೆ. ನಿಮಗೆ ಹುಷಾರಿರ್ಲಿಲ್ಲ." ನಾನು ಹೂಂ ಎನ್ನುವೆ. ಹತ್ತು ನಿಮಿಷಕ್ಕೆ, "ಇದ್ಯಾವೂರು?" ಒಂದು ದಿನ ಇಪ್ಪತ್ತಮೂರು ಸಲ ಕೇಳಿದೆನಂತೆ. ಎಣಿಸಿದ್ದು ಸಿಂಚನಾ. ಮೇಡಂ ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಿದ್ದರು. ಐದರಲ್ಲಿ ಒಂದೂ ಇರುತ್ತಿರಲಿಲ್ಲ. ಪದ ಹೇಳಿದ್ದೇ ನನಗೆ ಗೊತ್ತಿರುತ್ತಿರಲಿಲ್ಲ.

ಏನಾಗಿತ್ತು ಎಂದು ಮೇಡಂ ನನಗೆ ಎಷ್ಟು ಸಲ ವಿವರಿಸಿದರೋ. ನನ್ನಲ್ಲಿ ಉಳಿದದ್ದು ಕೊನೆಯ ಸಲದ್ದು, ಡಿಸ್ಚಾರ್ಜ್ ಆಗಿ ತಿಂಗಳ ಮೇಲೆ ತೋರಿಸಲು ಹೋದಾಗ ಹೇಳಿದ್ದು. ಆ ಹೊತ್ತಿಗೆ ದೊಡ್ಡ ಮಾತುಗಳು ಒಂದೊಂದು ನಿಲ್ಲತೊಡಗಿದ್ದವು, ಎಣಿಕೆ ಇನ್ನೂ ನಿಲ್ಲುತ್ತಿರಲಿಲ್ಲ.

"ನಿಮ್ಮ ಮಿದುಳಲ್ಲಿ ಕೋಟಿ ಕೋಟಿ ಜೀವಕೋಶ ಇವೆ. ಒಂದು ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತೆ. ಸುದ್ದಿ ತಗೊಳ್ಳೋ ಕೋಶದ ಮೈ ಮೇಲೆ ಸಣ್ಣ ಸಣ್ಣ ಬಾಗಿಲು. ಅದಕ್ಕೆ ರಿಸೆಪ್ಟರ್ ಅಂತೀವಿ. ಅದರಲ್ಲಿ ಒಂದು ಜಾತಿ ಬಾಗಿಲು ಬರೀ ಸುದ್ದಿ ಬಂದ ಮಾತ್ರಕ್ಕೆ ತೆರೆಯಲ್ಲ. ಸುದ್ದಿನೂ ಬರಬೇಕು, ಅದೇ ಹೊತ್ತಿಗೆ ತಗೊಳ್ಳೋ ಕೋಶನೂ ಎಚ್ಚರವಾಗಿರಬೇಕು. ಎರಡೂ ಕೂಡಿದ್ರೇನೇ ತೆರೆಯೋದು. ತೆರೆದಾಗ ಆ ಎರಡು ಕೋಶದ ನಂಟು ಗಟ್ಟಿಯಾಗುತ್ತೆ. ಮತ್ತೆ ಮತ್ತೆ ಆದ್ರೆ ಇನ್ನೂ ಗಟ್ಟಿ. ಹೊಸ ನೆನಪು ನಿಲ್ಲೋದು ಹಾಗೆ."

"ಅಂದ್ರೆ ಮೇಡಂ, ಪಂಪಿನ ಸ್ಟಾರ್ಟರ್ ಹಂಗೆ," ಎಂದೆ. "ಬಟನ್ ಒತ್ತಿದ್ರೆ ಸಾಲ್ದು. ಮೂರು ಫೇಸೂ ಒಟ್ಟಿಗೆ ಬಂದಿದ್ರೇನೇ ಹಿಡಿಯೋದು. ಒಂದಿಲ್ದಿದ್ರೂ ಎಷ್ಟು ಒತ್ತಿದ್ರೂ ಹಿಡಿಯಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. "ಇದನ್ನ ನಾನು ನನ್ನ ಸ್ಟೂಡೆಂಟ್ಸ್‌ಗೆ ಹೇಳಬಹುದಾ?"

"ಹೇಳಿ. ಆದ್ರೆ ಏಳನೇ ಕ್ಲಾಸ್ ಫೇಲಾದವನು ಹೇಳಿದ್ದು ಅನ್ಬೇಡಿ."

"ಫೇಲೂ ಅಲ್ಲ ಮೇಡಂ," ಎಂದಳು ಮಂಜುಳ, "ಇವರು ಪರೀಕ್ಷೆಗೇ ಹೋಗ್ಲಿಲ್ಲ."

ಮೂವರೂ ನಕ್ಕೆವು. ಮೇಡಂ ಮುಂದೆ ಹೇಳಿದರು. ರೋಗ ತಡೆಯಲು ರಕ್ತದಲ್ಲಿರುವ ಕಾವಲಿನವರೇ ತಪ್ಪು ತಿಳಿದು ಆ ಬಾಗಿಲುಗಳಿಗೆ ಅಂಟಿಕೊಂಡರಂತೆ. ಅಂಟಿಸಿಕೊಂಡ ಬಾಗಿಲುಗಳನ್ನು ಕೋಶ ತನ್ನ ಒಳಗೆ ಎಳೆದುಕೊಂಡಿತಂತೆ.

ನನಗಿದ್ದದ್ದು ಒಂದೇ ಪ್ರಶ್ನೆ. "ಸುಟ್ಟೋಗಿಲ್ವಾ ಮೇಡಂ?"

"ಇಲ್ಲ. ಕೋಶ ಬದುಕೇ ಇದೆ. ಕಾವಲಿನವರು ಕಮ್ಮಿಯಾದ ಹಾಗೆ ಅದು ಬಾಗಿಲುಗಳನ್ನ ಮತ್ತೆ ಹೊರಗೆ ತಂದು ಕೂರಿಸುತ್ತೆ. ಎಷ್ಟು ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ. ಸಮಯ ಕೊಡಿ."

ಆವತ್ತು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಯೋಚಿಸಿದೆ. ಇಪ್ಪತ್ತೈದು ವರ್ಷದಿಂದ ಮೋಟಾರು ಬಿಚ್ಚಿದ್ದೇನೆ. ಸುಟ್ಟ ಕಾಯಿಲ್ ಸುಟ್ಟಿತು ಅಷ್ಟೆ, ತನ್ನನ್ನು ತಾನೇ ಸುತ್ತಿಕೊಂಡ ಮೋಟಾರನ್ನು ನಾನು ಕಂಡಿಲ್ಲ. ನನ್ನ ತಲೆಯೊಳಗೆ, ನಾನು ಕೈ ಹಾಕದೆ, ನನಗೆ ಗೊತ್ತೂ ಆಗದೆ, ಯಾರೋ ಕೂತು ಕೆಲಸ ಮಾಡುತ್ತಿದ್ದಾರೆ. ನಾನು ಮೆಚ್ಚಿದ ಮೇಸ್ತ್ರಿ ನಮ್ಮ ಮಾವ ಒಬ್ಬರೇ. ಆವತ್ತು ಇನ್ನೊಬ್ಬರ ಕೆಲಸಕ್ಕೆ ತಲೆಬಾಗಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲು. ಅದು ತೆರೆದರೆ ಇವತ್ತು ನಾಳೆಗೆ ದಾಟುತ್ತದೆ, ಇಲ್ಲದಿದ್ದರೆ ಇಲ್ಲ. ನಾನು ನಾನು ಎಂದು ಮೆರೆದದ್ದೆಲ್ಲ ಅಷ್ಟರ ಮೇಲೆ ನಿಂತಿತ್ತು.

ನಾಲ್ಕನೇ ತಿಂಗಳು ಶೆಡ್ಡಿಗೆ ಹೋದೆ. ಕೆಲಸ ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ ಎಂದು ಹಟ ಮಾಡಿದ್ದೆ. ಕರೆಂಟಿನ ತಂಟೆಗೆ ಹೋಗಬಾರದು, ಒಬ್ಬನೇ ಇರಬಾರದು ಎಂದು ಮೇಡಂ ಹೇಳಿದ್ದರಿಂದ ಮಂಜುಳ ಬಾಗಿಲ ಹೊರಗೆ ಸೊಪ್ಪು ಬಿಡಿಸುತ್ತಾ ಕೂತಳು. ಒಂದು ಸಣ್ಣ ಮೋಟಾರು. ಕೈ ಒಂದು ಚೂರೂ ತಪ್ಪಲಿಲ್ಲ. ತಂತಿಗೆ ಹೊದಿಸುವ ಕಾಗದ ಕತ್ತರಿಸುವುದು, ತಂತಿ ಬಿಗಿಹಿಡಿಯುವ ಬಿದಿರಿನ ಚಕ್ಕೆ ಹೊಡೆದು ಬಿಡಿಸುವುದು, ಎಲ್ಲ ಕೈಗೇ ಗೊತ್ತಿತ್ತು. ಕೈಯ ನೆನಪಿಗೆ ತಲೆಯಲ್ಲಿ ಬೇರೆಯೇ ಮನೆ ಇದೆ ಎಂದು ಮೇಡಂ ಆಮೇಲೆ ಹೇಳಿದರು. ಸುತ್ತು ಎಣಿಸಿದೆ. ತಂತಿ ಕತ್ತರಿಸಿದೆ. ರೀಲು ತೆಗೆದುಕೊಂಡೆ.

ಇರಲಿಲ್ಲ.

ಅದೇ ಖಾಲಿ. ಅದೇ ಬೆವರು. ಹೊರಗೆ ಮಂಜುಳ ಶಾರದಮ್ಮನ ಜೊತೆ ಏನೋ ಮಾತಾಡಿ ನಗುತ್ತಿದ್ದಳು. ಏನಾದರೂ ಒಂದು ಹೇಳಿ ಎದ್ದುಬಿಡಬಹುದಿತ್ತು. ತಲೆ ಸುತ್ತು ಎನ್ನಬಹುದಿತ್ತು, ನಂಬುತ್ತಿದ್ದಳು. ಎಷ್ಟು ಹೊತ್ತು ಕೂತಿದ್ದೆನೋ.

"ಮಂಜುಳಾ," ಎಂದು ಕೂಗಿದೆ. "ಎಣಿಕೆ ಹೋಯ್ತು ಕಣೇ."

ಒಳಗೆ ಬಂದಳು. ಖಾಲಿ ಸ್ಟೇಟರ್ ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಗೊತ್ತಾಯಿತು.

"ಅವತ್ತೂ ಇದೇನಾ ಆಗಿದ್ದು?"

ತಲೆಯಾಡಿಸಿದೆ.

"ಇದನ್ನ ಹೇಳಕ್ಕೆ ನಾಚ್ಕೆ ಪಟ್ಕಂಡು ಶಾಕ್ ಹೊಡೀತು ಅಂದ್ರಾ? ಆಸ್ಪತ್ರೆ ಆಸ್ಪತ್ರೆ ತಿರುಗಿ ಎಲ್ರಿಗೂ ಅದನ್ನೇ ಹೇಳ್ದೆನಲ್ರೀ ನಾನು." ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಗುಜರಿ ಮೂಟೆ ಎಳೆದುಕೊಂಡು ನೆಲದ ಮೇಲೆ ಕೂತು, ಕತ್ತರಿಸಿದ ತಂತಿಯ ತುಂಡುಗಳನ್ನು ಬೇರೆ ಮಾಡಿ ಒಂದು, ಎರಡು ಎಂದು ಎಣಿಸತೊಡಗಿದಳು. ಈ ಮೋಟಾರಿನ ತಂತಿ ಮೇಲೇ ಇತ್ತು, ಬೇರೆಯದರ ಜೊತೆ ಬೆರೆತಿರಲಿಲ್ಲ. ಎಣಿಸಿ ಮುಗಿಸಿ ಸಿಂಚನಾಳ ಹಳೇ ನೋಟ್‌ಬುಕ್ ನನ್ನ ಮುಂದೆ ಹಾಕಿದಳು. "ಬರೀರಿ. ನಿಮ್ ಕೈಯಲ್ಲೇ ಬರೀರಿ."

ಬರೆದೆ. ಐವತ್ತೆಂಟು. ಎಂಟು ಸೊಟ್ಟಗಾಯಿತು.

ಆ ದಿನದಿಂದ ನಮ್ಮ ಕೆಲಸದ ರೀತಿಯೇ ಬದಲಾಯಿತು. ನಾನು ಬಾಯಿಬಿಟ್ಟು ಎಣಿಸುತ್ತೇನೆ, ಅವಳು ಕೇಳಿಸಿಕೊಳ್ಳುತ್ತಾಳೆ, ನಾನು ಬರೆಯುತ್ತೇನೆ. ನೋಡಲು ಬಂದ ರೈತರು ಮೊದಮೊದಲು ಮೋಟಾರು ನೋಡುವ ಹಾಗೆ ಮಾಡುತ್ತಿದ್ದರು. ರಂಗಸ್ವಾಮಿಯವರು ಮಾತ್ರ, "ಏನ್ ಲೋಕಣ್ಣ, ಮಗ್ಗಿ ಕಲಿತಿದೀಯ?" ಎಂದರು. "ಹೂಂ ಕಣಣ್ಣ, ಮೇಷ್ಟ್ರು ಬಲು ಜೋರು," ಎಂದೆ. ಮೇಷ್ಟ್ರು ಅಲ್ಲೇ ಕೂತಿದ್ದಳು.

ಮೇಡಂ ಹೇಳಿದ್ದರಿಂದ ದಿನಾ ಬೆಳಿಗ್ಗೆ, ಪುಸ್ತಕ ತೆಗೆಯುವ ಮೊದಲು, ಹಿಂದಿನ ದಿನದ ಎಣಿಕೆಯನ್ನು ನೆನೆದು ನೋಡುತ್ತಿದ್ದೆ. ವಾರಗಟ್ಟಲೆ ಏನೂ ಇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದೆ. ನಲ್ಲಿ ಬಿಟ್ಟಿತ್ತು. ನಲವತ್ನಾಲ್ಕು, ಎಂದಿತು ತಲೆ. ಯಾವುದರ ನಲವತ್ನಾಲ್ಕು? ಬೆಳ್ಳಾವಿಯಿಂದ ಜಯಕ್ಕನ ಮೈದುನ ತಂದ ಮೋಟಾರು. ಹಸಿರು ಬಣ್ಣ, ಒಂದು ಕಾಲು ಮುರಿದಿತ್ತು, ತಂದಾಗ ಅವನು ಬಾಳೆಹಣ್ಣು ತಿನ್ನುತ್ತಿದ್ದ. ಬಾಯಲ್ಲಿ ಪೇಸ್ಟು ಇಟ್ಟುಕೊಂಡೇ ಹೋಗಿ ಪುಸ್ತಕ ತೆರೆದೆ.

ನಲವತ್ನಾಲ್ಕೇ.

ಪುಸ್ತಕ ಮುಚ್ಚಲಿಲ್ಲ. ಅಲ್ಲೇ ಕೂತೆ. ನಿನ್ನೆ ಎಂಬುದು ನನ್ನೊಳಗೆ ಒಂದು ರಾತ್ರಿ ಪೂರ್ತಿ ಇದ್ದು, ನನ್ನ ಜೊತೆ ಎದ್ದಿತ್ತು. ಬಾಳೆಹಣ್ಣಿನ ಸಮೇತ. ನೀವೆಲ್ಲ ದಿನಾ ಬೆಳಿಗ್ಗೆ ಇದನ್ನು ಮಾಡುತ್ತೀರಿ, ಹಲ್ಲುಜ್ಜುತ್ತಾ ಮಾಡುತ್ತೀರಿ, ಇಂಥದ್ದೊಂದು ನಡೆಯಿತು ಎಂದು ನಿಮಗೆ ಗೊತ್ತೂ ಆಗುವುದಿಲ್ಲ.

ಈಗ ಇದೇ ಕಾಯಿಲೆಯವರ ಮನೆಯವರು ಯಾರಾದರೂ ನಂಬರ್ ಹುಡುಕಿಕೊಂಡು ಮಂಜುಳಳಿಗೆ ಫೋನು ಮಾಡುತ್ತಾರೆ. "ನಿಮ್ ಯಜಮಾನ್ರು ಈಗ ಹೆಂಗವ್ರೆ?" ಎಂದು ಕೇಳುತ್ತಾರೆ. ಅವಳು ಫೋನು ನನ್ನ ಕೈಗೆ ಕೊಡುತ್ತಾಳೆ. ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಕೇಳದೆ ಇರುವವರಿಗೂ ತಿಳಿಯಲಿ ಎಂದು ಬರೆದಿದ್ದೇನೆ.

ದಿನಕ್ಕೆ ಮೂರು ಮಾತ್ರೆ ಇವೆ. ಆರು ತಿಂಗಳಿಗೊಮ್ಮೆ ತುಮಕೂರಿನಲ್ಲಿ ಒಂದು ಇಂಜೆಕ್ಷನ್ನು ಇದೆ. ಕೊನೆಯ ಸಲ ಫಿಟ್ಸ್ ಬಂದು ಹತ್ತೊಂಬತ್ತು ತಿಂಗಳಾಯಿತು. ಮೂವತ್ತಾರು ದಿನ ಇಲ್ಲ, ಅವು ಬರುವುದಿಲ್ಲ ಎಂದು ಮೇಡಂ ಹೇಳಿದ್ದಾರೆ. ಅವರು ಹೇಳುವ ಐದು ಪದದಲ್ಲಿ ನಾಲ್ಕು ಇರುತ್ತವೆ. ಹೆಂಡತಿ, ಮಗಳು, ಅಕ್ಕ ಇದ್ದಾರೆ. ಇವತ್ತು ಶೆಡ್ಡಿನಲ್ಲಿ ಮೂರು ಮೋಟಾರು ಇವೆ: ಮೂವತ್ತೆಂಟು, ಐವತ್ತೊಂದು, ಅರವತ್ತು. ಮೂರೂ ತಲೆಯಲ್ಲಿವೆ, ಮೂರೂ ಪುಸ್ತಕದಲ್ಲಿವೆ.